ಕ್ರೈಸ್ತ ಕಲೆ, ಸಂಕೇತ ಮತ್ತು ಆರಾಧನಾ ಸಿದ್ಧತೆಯ ಅಂತರಜಾಲ ಆಕರಗಳು

ಕ್ರೈಸ್ತ ಕಲೆ, ಸಂಕೇತ ಮತ್ತು ಆರಾಧನಾ ಸಿದ್ಧತೆಯ ಅಂತರಜಾಲ ಆಕರಗಳು ಎಂದರೆ ಕ್ರೈಸ್ತ ಸಭೆಗಳ ಸಾಮೂಹಿಕ ಆರಾಧನೆಯನ್ನು ಮುಂಚಿತವಾಗಿ ಅಣಿಗೊಳಿಸಲು ಬೇಕಾಗುವ ಬೈಬಲ್ ವಾಚನಗಳು, ಪ್ರಾರ್ಥನೆಗಳು, ಗೀತೆಗಳು, ಚಿತ್ರಗಳು ಹಾಗೂ ಚಿಹ್ನೆಗಳನ್ನು ಅಂಕೀಕರಿಸಿ, ಹುಡುಕಲು ಅನುಕೂಲವಾಗುವ ವಿವರಣೆಯೊಡನೆ ಒದಗಿಸುವ ಜಾಲತಾಣಗಳು, ದತ್ತಸಂಚಯಗಳು ಮತ್ತು ಮೊಬೈಲ್ ಆ್ಯಪ್‌ಗಳು. ಇವುಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಹುಟ್ಟಿದವು. ಭಾರತಕ್ಕೆ, ಅದರಲ್ಲೂ ಕನ್ನಡಕ್ಕೆ ಸಂಬಂಧಿಸಿದ ಸಾಮಗ್ರಿ ಇವುಗಳ ನಡುವೆ ಚದುರಿ ಬಿದ್ದಿದೆ. ಸಾಮಗ್ರಿ ಕಡಿಮೆ ಎಂಬುದಕ್ಕಿಂತ ಅದಕ್ಕೆ ಕನ್ನಡದ ಹೆಸರು, ಕನ್ನಡದ ವಿವರಣೆ ಅಂಟಿಲ್ಲ ಎಂಬುದೇ ಈ ಕ್ಷೇತ್ರದ ಮುಖ್ಯ ಲಕ್ಷಣ.

ಪರಿಭಾಷೆ

ಆರಾಧನೆ ಎಂಬ ಪದವನ್ನು ಪ್ರೊಟೆಸ್ಟಂಟ್ ಸಭೆಗಳು ಭಾನುವಾರದ ಸಾಮೂಹಿಕ ಪ್ರಾರ್ಥನೆಗೆ ಬಳಸುತ್ತವೆ. ಕಥೋಲಿಕರಲ್ಲಿ ಅದೇ ಸ್ಥಾನ ಬಲಿಪೂಜೆಗೆ ಇದೆ. ಬೈಬಲನ್ನು ಪ್ರೊಟೆಸ್ಟಂಟರು ಸತ್ಯವೇದವೆಂದೂ ಕಥೋಲಿಕರು ಶ್ರೀಗ್ರಂಥವೆಂದೂ ಕರೆಯುವುದು ವಾಡಿಕೆ. ವರ್ಷದ ಪ್ರತಿ ಭಾನುವಾರಕ್ಕೂ ಹಬ್ಬಕ್ಕೂ ಓದಬೇಕಾದ ಬೈಬಲ್ ಭಾಗಗಳನ್ನು ಗೊತ್ತುಪಡಿಸಿದ ಪಟ್ಟಿಯನ್ನು ಈ ಲೇಖನದಲ್ಲಿ ವಾಚನಪಟ್ಟಿ ಎಂದು ಕರೆಯಲಾಗಿದೆ. ಆಗಮನ ಕಾಲ, ಕ್ರಿಸ್ತಜಯಂತಿ, ತಪಸ್ಸುಕಾಲ, ಪಾಸ್ಕ ಮುಂತಾದ ಋತುಗಳಾಗಿ ವಿಂಗಡಿಸಿದ ವರ್ಷವು ಆರಾಧನಾ ವರ್ಷ. ಸಂಕೇತ ಎಂದರೆ ಶಿಲುಬೆ, ಮೀನು, ಕುರಿಮರಿ, ಪಾರಿವಾಳಗಳಂತೆ ನಿಶ್ಚಿತ ಧಾರ್ಮಿಕ ಅರ್ಥವನ್ನು ಸೂಚಿಸುವ ರೂಪ. ಒಂದೇ ವಸ್ತುವಿಗೆ ಪಂಗಡಕ್ಕೊಂದು ಹೆಸರಿರುವುದು ಓದುವವರಿಗೆ ತೊಡಕಾಗದಿದ್ದರೂ ಹುಡುಕು ಯಂತ್ರಕ್ಕೆ ದೊಡ್ಡ ತೊಡಕು. ಕ್ರಿಸ್ತಜಯಂತಿಯಂದು ಹುಲ್ಲು, ಮಣ್ಣು, ಕಾಗದಗಳಿಂದ ಕಟ್ಟುವ ದನದ ಕೊಟ್ಟಿಗೆಯ ಪ್ರತಿಕೃತಿಯನ್ನು ಕರ್ನಾಟಕದ ಕಥೋಲಿಕರು ಗೋದಲಿ ಎನ್ನುತ್ತಾರೆ. ಅಂತಾರಾಷ್ಟ್ರೀಯ ಚಿತ್ರಸಂಗ್ರಹಗಳಲ್ಲಿ ಆ ವಿಷಯದ ಸಾವಿರಾರು ಚಿತ್ರಗಳಿದ್ದರೂ ಅವುಗಳ ವಿವರಣೆ ಇಂಗ್ಲಿಷಿನಲ್ಲೋ ಇತರ ಯುರೋಪಿಯನ್ ಭಾಷೆಗಳಲ್ಲೋ ಇರುವುದರಿಂದ ಗೋದಲಿ ಎಂದು ಕನ್ನಡದಲ್ಲಿ ಬರೆದು ಹುಡುಕಿದವರಿಗೆ ಅವು ಕಾಣಿಸುವುದಿಲ್ಲ.

ಹಿನ್ನೆಲೆ

ಅಂಕೀಕೃತ ಆಕರಗಳಿಗೆ ಮೂಲವಾದದ್ದು ಮುದ್ರಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ನಡೆಸಿದ ಅನುವಾದದ ಫಲವಾಗಿ 1831ರಲ್ಲಿ ಸಂಪೂರ್ಣ ಕನ್ನಡ ಬೈಬಲ್ ಹೊರಬಂದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ತೆರೆದು ಪ್ರಾರ್ಥನಾ ಕ್ರಮಗಳನ್ನೂ ಗೀತಸಂಗ್ರಹಗಳನ್ನೂ ಅಚ್ಚು ಹಾಕಿತು. 1894ರ ನಿಘಂಟಿನಿಂದ ಹೆಸರಾದ ಫರ್ಡಿನೆಂಡ್ ಕಿಟೆಲ್ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಹೇಳುವ ‘ಕಥಾಮಾಲೆ’ಯನ್ನು 1862ರಲ್ಲಿ ಪ್ರಕಟಿಸಿದ್ದು ಈ ಸಾಹಿತ್ಯದ ಮುಖ್ಯ ಘಟ್ಟ. ಬಾಸೆಲ್ ಪರಂಪರೆಯ ದೇವಾಲಯಗಳ ಒಳಗೋಡೆಗಳು ಬಹುಮಟ್ಟಿಗೆ ಬರಿದಾಗಿದ್ದು, ಅಲ್ಲಿ ಕಲೆಯ ಸ್ಥಾನವನ್ನು ಗೀತೆ ತುಂಬಿತು.

ಕಥೋಲಿಕ ಪರಂಪರೆಯಲ್ಲಿ ಚಿತ್ರಕ್ಕೆ ಅಗ್ರಸ್ಥಾನ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆಗಳನ್ನೂ ಛಾವಣಿಯನ್ನೂ ಇಟಲಿಯ ಬೆರ್ಗಾಮೊ ಬಳಿಯ ಸ್ತೆತ್ಸಾನೊ ಊರಿನ ಯೇಸುಸಭೆಯ ಸೋದರ ಅಂತೋನಿಯೊ ಮೊಸ್ಕೇನಿ (1854–1905) 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದರು. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಭಿತ್ತಿಚಿತ್ರ ವಿಧಾನ ಗೋಡೆಗಳಲ್ಲೂ, ಬಟ್ಟೆಯ ಮೇಲಿನ ತೈಲವರ್ಣ ಛಾವಣಿಯ ಭಾಗಗಳಲ್ಲೂ ಕಾಣುತ್ತದೆ. ಕರಾವಳಿಯ ತೇವಕ್ಕೆ ಹಾಳಾಗತೊಡಗಿದ್ದ ಈ ಚಿತ್ರಗಳನ್ನು 1991ರಿಂದ 1994ರವರೆಗೆ ಪರಂಪರೆ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಸಂರಕ್ಷಿಸಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಬಣ್ಣದ ಗಾಜಿನ ಕಿಟಕಿಗಳೂ ಇದೇ ಯುರೋಪಿಯನ್ ದೃಶ್ಯಪರಂಪರೆಗೆ ಸೇರಿದವು.

ದೇಶೀಯ ರೂಪದ ಹುಡುಕಾಟ ಇದಕ್ಕೆ ಸಮಾನಾಂತರವಾಗಿ ನಡೆಯಿತು. ಗೋವೆಯ ಆಂಜೆಲೊ ದ ಫೊನ್ಸೇಕಾ (1902–1967) ಸೀರೆಯುಟ್ಟ ಮರಿಯಮ್ಮನವರನ್ನು ಚಿತ್ರಿಸಿದರು. ವಾರಾಣಸಿಗೆ ಹತ್ತಿರದ ಆಜಂಗಢದಲ್ಲಿ ಹುಟ್ಟಿ ಲಖನೌದಲ್ಲಿ ಕಲಿತ ಫ್ರ್ಯಾಂಕ್ ವೆಸ್ಲಿ (1923–2002) ಬೈಬಲ್ ಪ್ರಸಂಗಗಳನ್ನು ಭಾರತೀಯ ಜಲವರ್ಣ ಶೈಲಿಯಲ್ಲಿ ಬರೆದರು. ಬೆಂಗಳೂರಿನಲ್ಲಿ ಹುಟ್ಟಿ ಮದ್ರಾಸಿನಲ್ಲಿ ನೆಲೆಸಿದ ಆಲ್ಫೋನ್ಸೊ ಅರುಳ್‌ದಾಸ್, ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ಕಲಾ ಆಶ್ರಮ ಕಟ್ಟಿದ ಜ್ಯೋತಿ ಸಾಹಿ ಈ ಸಾಲನ್ನು ಮುಂದುವರಿಸಿದರು.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನವು ದೇಶಭಾಷೆಗಳಿಗೂ ಸ್ಥಳೀಯ ಸಂಸ್ಕೃತಿಗೂ ಬಾಗಿಲು ತೆರೆಯಿತು. 1967ರಲ್ಲಿ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಈ ಕೆಲಸದ ನೆಲೆಯಾಯಿತು. 1969ರ ಏಪ್ರಿಲ್ 25ರಂದು ರೋಮ್ ಒಪ್ಪಿಗೆ ಕೊಟ್ಟ, ಆರಾಧನೆಯನ್ನು ಭಾರತೀಯ ರೂಢಿಗೆ ಹೊಂದಿಸುವ ಹನ್ನೆರಡು ಅಂಶಗಳ ಪ್ರಕಾರ ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು, ಮಂಡಿಯೂರುವುದರ ಬದಲು ಅಂಜಲಿ ಮುದ್ರೆಯಲ್ಲಿ ಬಾಗುವುದು, ಪಂಚಾಂಗ ಪ್ರಣಾಮ, ಪವಿತ್ರ ವಸ್ತುವನ್ನು ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಮೇಣದಬತ್ತಿಗೆ ಬದಲಾಗಿ ಎಣ್ಣೆದೀಪ, ಕಾಣಿಕೆವಸ್ತ್ರದ ಜಾಗದಲ್ಲಿ ತಟ್ಟೆ, ಗುರುಗಳಿಗೆ ಸರಳ ನಿಲುವಂಗಿಯ ಮೇಲೆ ಅಂಗವಸ್ತ್ರ, ಹೂವು, ಧೂಪ, ದೀಪಗಳ ಆರತಿ ಮೊದಲಾದವು ಬಲಿಪೂಜೆಯಲ್ಲಿ ಸಾಧ್ಯವಾದವು. ಇವಕ್ಕೆ ವಿಶ್ವಾಸಿಗಳ ಒಂದು ವರ್ಗದಿಂದ ಆಕ್ಷೇಪವೂ ಬಂದಿತು.

ರಚನೆ

ಇಂಥ ಆಕರವೊಂದರಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಮೊದಲನೆಯದು ಮೂಲವಸ್ತುವಿನ ಅಂಕೀಕೃತ ಪ್ರತಿ: ಚಿತ್ರವಾದರೆ ಛಾಯಾಚಿತ್ರ, ಪುಸ್ತಕವಾದರೆ ಪುಟಗಳ ಸ್ಕ್ಯಾನ್. ಎರಡನೆಯದು ವಿವರಣಾ ದತ್ತಾಂಶ, ಅಂದರೆ ಕಲಾವಿದ, ಕಾಲ, ಮಾಧ್ಯಮ, ವಿಷಯ, ಇರುವ ಸ್ಥಳ, ಹಕ್ಕಿನ ಸ್ಥಿತಿಗಳನ್ನು ದಾಖಲಿಸುವ ಟಿಪ್ಪಣಿ. ಮೂರನೆಯದು ಕೊಂಡಿಗಳ ಜಾಲ. ಆರಾಧನಾ ಸಿದ್ಧತೆಯ ಆಕರವನ್ನು ಮಾಮೂಲಿ ಕಲಾಸಂಗ್ರಹದಿಂದ ಬೇರೆಮಾಡುವುದು ಈ ಮೂರನೆಯ ಪದರವೇ. ಇಲ್ಲಿ ಚಿತ್ರವೊಂದು ಬೈಬಲಿನ ಅಧ್ಯಾಯ ಮತ್ತು ವಚನಕ್ಕೂ, ಆ ವಚನವು ವಾಚನಪಟ್ಟಿಯ ಭಾನುವಾರಕ್ಕೂ, ಆ ಭಾನುವಾರವು ಅದಕ್ಕೊಪ್ಪುವ ಗೀತೆಗೂ ಜೋಡಣೆಯಾಗಿರುತ್ತದೆ.

ವಾಚನಪಟ್ಟಿಗಳ ಪೈಕಿ ಎರಡು ಪ್ರಧಾನ. 1969ರ ಕಥೋಲಿಕ ವಾಚನಕ್ರಮ ಮತ್ತು ಅದರ ಮಾದರಿಯಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳಿಗಾಗಿ 1992ರಲ್ಲಿ ಪ್ರಕಟವಾದ ಪರಿಷ್ಕೃತ ಸಾಮಾನ್ಯ ವಾಚನಪಟ್ಟಿ ಎರಡೂ ಮೂರು ವರ್ಷಗಳ ಆವರ್ತನದಲ್ಲಿ ಸಾಗುತ್ತವೆ. ಮೊದಲ ವರ್ಷ ಮತ್ತಾಯನ, ಎರಡನೆಯ ವರ್ಷ ಮಾರ್ಕನ, ಮೂರನೆಯ ವರ್ಷ ಲೂಕನ ಸುವಾರ್ತೆಗೆ ಪ್ರಾಧಾನ್ಯವಿದ್ದು, ಯೋಹಾನನ ಸುವಾರ್ತೆಯ ಭಾಗಗಳು ಮೂರರಲ್ಲೂ ಹಂಚಿಹೋಗಿವೆ. ಮೂರರಿಂದ ನಿಶ್ಶೇಷವಾಗಿ ಭಾಗವಾಗುವ ಕ್ರಿಸ್ತವರ್ಷ ಲೂಕನದು, ಉದಾಹರಣೆಗೆ 2025. ಆದರೆ ಆರಾಧನಾ ವರ್ಷ ಜನವರಿಯಲ್ಲಲ್ಲ, ಹಿಂದಿನ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಬರುವ ಆಗಮನ ಕಾಲದ ಪ್ರಥಮ ಭಾನುವಾರ ತೊಡಗುತ್ತದೆ. ಪಾಸ್ಕಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಚಂದ್ರನ ಗತಿಯನ್ನು ಅನುಸರಿಸಿ ಸರಿದಾಡುವುದರಿಂದ ಅದಕ್ಕೆ ಮುಂಚಿನ ವಿಭೂತಿ ಬುಧವಾರ, ಗರಿಗಳ ಭಾನುವಾರಗಳೂ ನಂತರದ ಪೆಂತೆಕೋಸ್ತೂ ಸ್ಥಾನ ಬದಲಿಸುತ್ತವೆ. ಈ ಲೆಕ್ಕವನ್ನು ಗಣಕಕ್ಕೆ ಒಪ್ಪಿಸುವುದು ಸುಲಭವಾದ್ದರಿಂದ ಪಂಚಾಂಗರೂಪದ ತಾಣಗಳು ಈ ಕ್ಷೇತ್ರದಲ್ಲಿ ಬೇಗ ಬೆಳೆದವು. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಗೆ ತನ್ನದೇ ವಾಚನಪಟ್ಟಿ ಇದ್ದು, ಅದರಲ್ಲಿ ಪ್ರತಿ ಭಾನುವಾರಕ್ಕೂ ಒಂದು ವಿಷಯಶೀರ್ಷಿಕೆ ಇರುತ್ತದೆ. ಹೀಗಾಗಿ ವಿದೇಶಿ ತಾಣದ ಆ ವಾರದ ಚಿತ್ರವನ್ನು ಮಂಗಳೂರು, ಧಾರವಾಡ, ಬೆಂಗಳೂರುಗಳ ಸಭಾಪಾಲಕರು ದಿನಾಂಕ ನೋಡಿ ಎತ್ತಿಕೊಂಡರೆ ಚಿತ್ರ ಒಂದು, ಪಾಠ ಇನ್ನೊಂದು ಆಗುವ ಸಂಭವವಿದೆ. ವಚನದ ಸಂಖ್ಯೆ ನೋಡಿ ಹುಡುಕುವುದೇ ಸರಿಯಾದ ಕ್ರಮ.

ಚಿತ್ರಸಂಗ್ರಹಗಳು

ಆರಾಧನೆಗೆಂದೇ ಸಿದ್ಧವಾದ ಸಂಗ್ರಹಗಳಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಗ್ರಂಥಾಲಯ ನಡೆಸುವ ‘ಆರ್ಟ್ ಇನ್ ದಿ ಕ್ರಿಶ್ಚಿಯನ್ ಟ್ರೆಡಿಷನ್’ ಮುಖ್ಯವಾದದ್ದು. ಅದೇ ಗ್ರಂಥಾಲಯ ಪರಿಷ್ಕೃತ ಸಾಮಾನ್ಯ ವಾಚನಪಟ್ಟಿಯನ್ನೂ ಪ್ರಕಟಿಸುವುದರಿಂದ ಚಿತ್ರ ಮತ್ತು ಪಾಠಗಳ ಜೋಡಣೆ ಅಲ್ಲಿ ಸಹಜವಾಗಿದೆ. ಕ್ಯಾಮರೂನ್ ದೇಶದಲ್ಲಿ 1970ರ ದಶಕದಲ್ಲಿ ಮೂಡಿದ, ಯೇಸುವನ್ನೂ ಶಿಷ್ಯರನ್ನೂ ಆಫ್ರಿಕನ್ನರಾಗಿ ತೋರಿಸುವ ‘ಜೀಸಸ್ ಮಾಫಾ’ ಚಿತ್ರಮಾಲೆ ಜಗತ್ತಿನಾದ್ಯಂತ ಸಭೆಗಳಿಗೆ ಪರಿಚಯವಾದದ್ದರಲ್ಲಿ ಈ ಸಂಗ್ರಹದ ಪಾತ್ರ ದೊಡ್ಡದು. ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ 2018ರಲ್ಲಿ ಆರಂಭವಾದ ‘ವಿಷುವಲ್ ಕಾಮೆಂಟರಿ ಆನ್ ಸ್ಕ್ರಿಪ್ಚರ್’ ಬೈಬಲಿನ ಒಂದೊಂದು ಭಾಗಕ್ಕೆ ಮೂರು ಕಲಾಕೃತಿಗಳನ್ನು ಆಯ್ದು ವ್ಯಾಖ್ಯಾನಿಸುತ್ತದೆ. 1996ರಲ್ಲಿ ಹಂಗೇರಿಯಲ್ಲಿ ಹುಟ್ಟಿದ ‘ವೆಬ್ ಗ್ಯಾಲರಿ ಆಫ್ ಆರ್ಟ್’ ಯುರೋಪಿನ ಶಾಸ್ತ್ರೀಯ ಕಲೆಗೆ ಸೀಮಿತ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಹಕ್ಕುಮುಕ್ತ ಕೃತಿಗಳ ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಬಿಟ್ಟುಕೊಟ್ಟಿತು.

ಇಂಥ ವಸ್ತುಸಂಗ್ರಹಾಲಯಗಳ ತಾಣಗಳಲ್ಲಿ ಭಾರತೀಯ ಓದುಗರಿಗೆ ಹೆಚ್ಚು ಬೆಲೆಬಾಳುವುದು ಮೊಘಲ್ ಕಾಲದ ಕ್ರೈಸ್ತ ವಿಷಯದ ಕಿರುಚಿತ್ರಗಳು. 1580ರಲ್ಲಿ ಫತೇಪುರ ಸಿಕ್ರಿಗೆ ಬಂದ ಯೇಸುಸಭೆಯ ಗುರುಗಳು ಅಕ್ಬರನಿಗೆ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಬಹುಭಾಷಾ ಬೈಬಲಿನ ಸಂಪುಟಗಳನ್ನು ಒಪ್ಪಿಸಿದರು. ಅದರ ಮತ್ತು ಇತರ ಯುರೋಪಿಯನ್ ಮುದ್ರಿತ ಚಿತ್ರಗಳನ್ನು ನೋಡಿ ಕೇಶವದಾಸ, ಬಸಾವನ್, ಮನೋಹರ ಮೊದಲಾದ ಆಸ್ಥಾನ ಕಲಾವಿದರು ಕನ್ಯಾಮರಿಯಳನ್ನೂ ಸಂತರನ್ನೂ ತಮ್ಮ ಕುಂಚಕ್ಕೆ ಒಗ್ಗಿಸಿಕೊಂಡರು.

ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ದೊಡ್ಡ ದೃಶ್ಯಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ದಾಖಲಾಗಾರದ್ದು. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮಡಿಕೇರಿಗಳ ದೇವಾಲಯಗಳು, ಶಾಲೆಗಳು, ಹೆಂಚಿನ ಕಾರ್ಖಾನೆಗಳು, ನೇಯ್ಗೆಶಾಲೆಗಳು, ಸಭೆಯ ಕುಟುಂಬಗಳ ಛಾಯಾಚಿತ್ರಗಳು ಇದರಲ್ಲಿದ್ದು ಅಂತರಜಾಲದಲ್ಲಿ ನೋಡಲು ದೊರೆಯುತ್ತವೆ. ಇವು ಕಲಾಕೃತಿಗಳಲ್ಲ, ದಾಖಲೆಗಳು. ಹಳೆಯ ದೇವಾಲಯದ ಜೀರ್ಣೋದ್ಧಾರಕ್ಕೋ ಶತಮಾನೋತ್ಸವದ ಸಂಚಿಕೆಗೋ ಇವುಗಳಷ್ಟು ಒದಗುವ ಆಕರ ಇನ್ನೊಂದಿಲ್ಲ. ಆದರೆ ಶೀರ್ಷಿಕೆಗಳು ಬಹುಪಾಲು ಜರ್ಮನ್ ಅಥವಾ ಇಂಗ್ಲಿಷಿನಲ್ಲಿದ್ದು, ಊರುಗಳ ಹೆಸರು ಮಿಷನರಿಗಳ ಕಾಲದ ಕಾಗುಣಿತದಲ್ಲಿ ಉಳಿದಿವೆ. ಆದ್ದರಿಂದ ಮಡಿಕೇರಿಯನ್ನು ಮರ್ಕಾರ ಎಂಬ ಹಳೆಯ ರೂಪದಲ್ಲೂ, ಮಂಗಳೂರನ್ನು ಮ್ಯಾಂಗಲೋರ್ ಎಂಬ ರೂಪದಲ್ಲೂ ಹುಡುಕಬೇಕಾಗುತ್ತದೆ.

ಸಂಕೇತಗಳ ಆಕರಗಳು

ಸಂಕೇತಕೋಶಗಳು ಚಿಹ್ನೆಯ ರೇಖಾಚಿತ್ರ, ಉಗಮ, ಅರ್ಥ ಮತ್ತು ಬಳಸುವ ಋತುವನ್ನು ಕೊಡುತ್ತವೆ. ಕ್ರಿಸ್ತ ಎಂಬುದರ ಗ್ರೀಕ್ ರೂಪದ ಮೊದಲೆರಡು ಅಕ್ಷರಗಳು ಹೆಣೆದುಕೊಂಡ ಕೈ-ರೋ, ಆದಿ ಅಂತ್ಯಗಳನ್ನು ಸೂಚಿಸುವ ಆಲ್ಫ-ಒಮೇಗ, ಬಗೆಬಗೆಯ ಶಿಲುಬೆಗಳು ಇವುಗಳ ಸಾಮಾನ್ಯ ಸರಕು. ಶಿಲುಬೆಯ ಹಲವು ರೂಪಗಳೂ ಕೈ-ರೋ ಚಿಹ್ನೆಯೂ ಯೂನಿಕೋಡ್ ಅಕ್ಷರಕೋಷ್ಟಕದಲ್ಲೇ ಇರುವುದರಿಂದ ಅವನ್ನು ಚಿತ್ರದ ಕಡತವಿಲ್ಲದೆ ಅಕ್ಷರದಂತೆ ಟೈಪು ಮಾಡಬಹುದು.

ಭಾರತೀಯ ಸಂಕೇತಗಳಿಗೆ ಈ ಕೋಶಗಳಲ್ಲಿ ಜಾಗ ಕಡಿಮೆ. ಚೆನ್ನೈನ ಪರಂಗಿಮಲೆಯಲ್ಲಿರುವ, ಪಹ್ಲವಿ ಲಿಪಿಯ ಬರಹವುಳ್ಳ ಕಲ್ಲಿನ ಶಿಲುಬೆ, ಕಮಲದ ಮೇಲೆ ಅಗ್ನಿಜ್ವಾಲೆಗಳೊಡನೆ ನಿಂತ ದಕ್ಷಿಣ ಭಾರತ ಸಭೆಯ ಲಾಂಛನದ ಶಿಲುಬೆ, ತುದಿಯಲ್ಲಿ ಶಿಲುಬೆ ಹೊತ್ತ ಎಣ್ಣೆದೀಪ, ಕರಾವಳಿಯ ಮನೆಗಳ ಅಂಗಳದಲ್ಲೂ ದಾರಿಯ ಪಕ್ಕದಲ್ಲೂ ನಿಲ್ಲಿಸುವ ಗಾರೆಯ ಶಿಲುಬೆಗಳು, ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಮಂಗಳೂರಿನ ಕಥೋಲಿಕರು ಆಶೀರ್ವದಿಸಿ ಮನೆಗೊಯ್ಯುವ ಹೊಸ ತೆನೆ, ಇವೆಲ್ಲ ಬಿಡಿ ಛಾಯಾಚಿತ್ರಗಳಾಗಿ ವಿಕಿಮೀಡಿಯ ಕಾಮನ್ಸ್‌ನಂಥ ಮುಕ್ತ ಭಂಡಾರಗಳಲ್ಲಿ ಹರಡಿವೆ. ತೆನೆಯ ಚಿತ್ರವನ್ನು ಸುಗ್ಗಿ ಎಂದು ವರ್ಗೀಕರಿಸಿದರೆ ಅದು ಕೃಷಿಯ ವಿಭಾಗಕ್ಕೆ ಹೋಗಿ ಸೇರುತ್ತದೆ, ಮರಿಯಮ್ಮನವರ ಜನ್ಮೋತ್ಸವದ ಕೆಳಗೆ ಅದನ್ನು ಹುಡುಕುವವರಿಗೆ ಸಿಗುವುದಿಲ್ಲ.

ಪಠ್ಯ ಮತ್ತು ಗೀತೆ

ಕನ್ನಡ ಪಠ್ಯದ ಆಕರಗಳು ಚಿತ್ರದ ಆಕರಗಳಿಗಿಂತ ಗಟ್ಟಿಯಾಗಿವೆ. ಭಾರತೀಯ ಬೈಬಲ್ ಸೊಸೈಟಿಯ ಕನ್ನಡ ಅನುವಾದಗಳು ಯೂವರ್ಷನ್‌ನಂಥ ಆ್ಯಪ್‌ಗಳಲ್ಲಿ ಓದಲು ಸಿಗುತ್ತವೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಜಾಲದ್ವಾರದಲ್ಲಿ ಮಲಯಾಳಂ ಪುಸ್ತಕಗಳ ಜೊತೆಗೆ ಬಾಸೆಲ್ ಮಿಷನ್ ಕಾಲದ ಕನ್ನಡ ಮತ್ತು ತುಳು ಮುದ್ರಣಗಳ ಸ್ಕ್ಯಾನ್ ಪ್ರತಿಗಳಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕಿಟೆಲ್ ನಿಘಂಟು ಮೊದಲಾದವು ದೊರೆಯುತ್ತವೆ. ವ್ಯಾಟಿಕನ್ನಿನ ಸುದ್ದಿತಾಣವು 2024ರಲ್ಲಿ ಕನ್ನಡವನ್ನು ತನ್ನ 53ನೆಯ ಭಾಷೆಯಾಗಿ ಸೇರಿಸಿಕೊಂಡಿತು.

ಗೀತೆಗಳ ವಿಷಯದಲ್ಲಿ ಅಮೆರಿಕದ ಕ್ಯಾಲ್ವಿನ್ ವಿಶ್ವವಿದ್ಯಾಲಯದ ‘ಹಿಮ್ನರಿ’ ಗೀತೆಯ ಮೊದಲ ಸಾಲು, ಧಾಟಿ, ಮಾತ್ರೆ, ಬೈಬಲ್ ಆಧಾರಗಳ ಮೂಲಕ ಹುಡುಕಲು ಎಡೆಕೊಡುತ್ತದೆ. ಬಾಸೆಲ್ ಪರಂಪರೆಯ ಅನೇಕ ಕನ್ನಡ ಗೀತೆಗಳು ಜರ್ಮನ್ ಧಾಟಿಗಳಿಗೆ ಹೊಂದಿಸಿದವಾದ್ದರಿಂದ ಧಾಟಿಯ ಹೆಸರು ಗೊತ್ತಿದ್ದರೆ ಸ್ವರಲಿಪಿ ಇಲ್ಲಿ ಸಿಕ್ಕುವುದುಂಟು. ರಾಗತಾಳಗಳಲ್ಲಿ ಹಾಡುವ ಕೀರ್ತನೆಗಳಿಗೆ ಇಂಥ ಸೂಚಿ ಇಲ್ಲ. ಅವು ಯೂಟ್ಯೂಬಿನ ಧ್ವನಿಮುದ್ರಣಗಳಲ್ಲಿ ಬದುಕಿವೆ.

ಲಿಪಿಯ ತೊಡಕೊಂದು ಇಲ್ಲಿ ಗಮನಾರ್ಹ. ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಇದ್ದರೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪೂಜಾಕ್ರಮಗಳೂ ಗೀತಪುಸ್ತಕಗಳೂ ಮುದ್ರಣಾಲಯಗಳಲ್ಲಿ, ಚರ್ಚಿನ ಕಚೇರಿಗಳಲ್ಲಿ ಹೇರಳವಾಗಿ ಉಳಿದಿವೆ. ಅಂಥ ಕಡತವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಸಾಲುಗಳು ಕಾಣುತ್ತವೆ. ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದಮೇಲೂ ಅರ್ಕಾವತ್ತು, ಒತ್ತಕ್ಷರಗಳಿರುವ ಪದಗಳನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ.

ವಾರಾಣಸಿಯ ನಿದರ್ಶನ

ಹೋಲಿಕೆಗಾಗಿ ಕರ್ನಾಟಕದ ಹೊರಗೆ ನೋಡಿದರೆ, ಹಿಂದೀ ಪ್ರದೇಶದಲ್ಲಿ ಈ ಕ್ಷೇತ್ರದ ಸ್ಥಿತಿಯನ್ನು ವಾರಾಣಸಿ ತೋರಿಸುತ್ತದೆ. ನಗರದ ದಕ್ಷಿಣ ಭಾಗದ ಲಂಕಾ ಬಡಾವಣೆಗೆ ಹೊಂದಿಕೊಂಡ ಕಾಶಿ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ, ರಾಯ್ ಕೃಷ್ಣದಾಸರು 1920ರಲ್ಲಿ ಸ್ಥಾಪಿಸಿದ ಭಾರತ ಕಲಾ ಭವನವಿದೆ. ಮೊಘಲ್ ಮತ್ತು ರಾಜಸ್ಥಾನಿ ಕಿರುಚಿತ್ರಗಳ ಸಂಗ್ರಹಕ್ಕೆ ಅದು ಹೆಸರಾಗಿದ್ದು, ಮೊಘಲ್ ಶೈಲಿಯ ಕ್ರೈಸ್ತ ಚಿತ್ರಗಳನ್ನು ಅಭ್ಯಾಸ ಮಾಡುವವರಿಗೆ ಆ ಶೈಲಿಯ ಮೂಲಕೃತಿಗಳನ್ನು ಕಣ್ಣಾರೆ ನೋಡಿ ತಿಳಿಯುವ ಅವಕಾಶ ಅಲ್ಲಿದೆ. ನಗರದ ಇನ್ನೊಂದು ತುದಿಯ ಕಂಟೋನ್ಮೆಂಟ್ ಪ್ರದೇಶದಲ್ಲಿ ಸಂತ ಮೇರಿ ಪ್ರಧಾನ ದೇವಾಲಯವು ಭಾರತೀಯ ವಾಸ್ತುವಿನ ಛಾಯೆಯಲ್ಲಿ ನಿಂತಿದೆ. 1970ರಲ್ಲಿ ರೂಪುಗೊಂಡ ವಾರಾಣಸಿ ಧರ್ಮಕ್ಷೇತ್ರದ ನವಸಾಧನಾ ಕಲಾ ಕೇಂದ್ರವು ಭರತನಾಟ್ಯ ಮತ್ತು ಸಂಗೀತವನ್ನು ಕಲಿಸುತ್ತದೆ. 1941ರಲ್ಲಿ ಇದೇ ನಗರದಲ್ಲಿ ಹುಟ್ಟಿದ ಇಂಡಿಯನ್ ಮಿಷನರಿ ಸೊಸೈಟಿಯ ಮಾತೃಧಾಮ ಆಶ್ರಮದಲ್ಲಿ, ದೀಕ್ಷಾಸ್ನಾನ ಪಡೆಯದೆ ಕ್ರಿಸ್ತನನ್ನು ಆರಾಧಿಸುವ ‘ಕ್ರಿಸ್ತಭಕ್ತ’ರು ಭಜನೆ, ಸತ್ಸಂಗಗಳಿಗೆ ನೆರೆಯುತ್ತಾರೆ, ಈ ಸಮುದಾಯವನ್ನು ಕುರಿತ ಕೆರಿ ಸ್ಯಾನ್ ಕಿರಿಕೋ ಅವರ ಅಧ್ಯಯನಗ್ರಂಥ 2023ರಲ್ಲಿ ಪ್ರಕಟವಾಗಿದೆ. ಹಿಂದೆ ಹೇಳಿದ, ರೋಮ್ ಒಪ್ಪಿದ ಹನ್ನೆರಡು ಅಂಶಗಳು ಅನುಮತಿಸಿದ ಆರತಿ, ಪ್ರಣಾಮಗಳು ಇಲ್ಲಿ ಜನರ ನಿತ್ಯದ ರೂಢಿಯಾಗಿ ಕಾಣುತ್ತವೆ. ನೃತ್ಯ, ಭಜನೆಗಳು ಸ್ಥಿರಚಿತ್ರದಲ್ಲಿ ಹಿಡಿಯಲಾರದ ಕಲೆಗಳಾದ್ದರಿಂದ ಚಿತ್ರಾಧಾರಿತ ದತ್ತಸಂಚಯಗಳು ಇವನ್ನು ಬಹುತೇಕ ಬಿಟ್ಟುಬಿಟ್ಟಿವೆ.

ಬಳಕೆ

ಭಾನುವಾರದ ಆರಾಧನಾ ಕ್ರಮದ ಮುದ್ರಿತ ಹಾಳೆ, ಪರದೆಯ ಮೇಲೆ ತೋರಿಸುವ ಗೀತಸಾಹಿತ್ಯ, ಭಾನುವಾರದ ಶಾಲೆಯ ಪಾಠ, ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳ ಧ್ಯಾನ, ಬಲಿಪೀಠದ ವಸ್ತ್ರಗಳ ಬಣ್ಣದ ಆಯ್ಕೆ ಇವು ಪ್ರಮುಖ ಬಳಕೆಗಳು. ಬಣ್ಣಗಳಲ್ಲಿ ನೇರಳೆ ಆಗಮನ ಮತ್ತು ತಪಸ್ಸುಕಾಲಕ್ಕೆ, ಬಿಳಿ ಕ್ರಿಸ್ತಜಯಂತಿ ಮತ್ತು ಪಾಸ್ಕಕ್ಕೆ, ಕೆಂಪು ಪೆಂತೆಕೋಸ್ತ್ ಮತ್ತು ರಕ್ತಸಾಕ್ಷಿಗಳ ಹಬ್ಬಕ್ಕೆ, ಹಸಿರು ಸಾಧಾರಣ ಕಾಲಕ್ಕೆ ಸಲ್ಲುತ್ತವೆ. ಚಿತ್ರವನ್ನು ವಾಟ್ಸ್‌ಆ್ಯಪ್ ಮೂಲಕ ಕಳಿಸಿದರೆ ಅದರ ಗಾತ್ರ ಕುಗ್ಗುತ್ತದೆ. ಫೋನಿನಲ್ಲಿ ಚೆನ್ನಾಗಿ ಕಂಡದ್ದು ಗೋಡೆಯಗಲದ ಪರದೆಯ ಮೇಲೆ ಒಡೆದುಹೋಗುವುದು ಇದರಿಂದಲೇ. ಕಡತವನ್ನು ದಾಖಲೆಯ ರೂಪದಲ್ಲಿ ಕಳಿಸಿದರೆ ಮೂಲಪ್ರತಿ ಹಾಗೆಯೇ ತಲಪುತ್ತದೆ.

ಹಕ್ಕುಗಳು ಮತ್ತು ಇಂದಿನ ಸ್ಥಿತಿ

1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕೃತಿಕಾರನ ಜೀವಿತಾವಧಿಯಲ್ಲಿ ಪ್ರಕಟವಾದ ಕಲಾಕೃತಿಗೆ ಅವನು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ರಕ್ಷಣೆ ಇರುತ್ತದೆ. ಪ್ರಾಮಾಣಿಕ ಧಾರ್ಮಿಕ ಆಚರಣೆಯ ಅಂಗವಾಗಿ ಗೀತೆಯನ್ನು ಹಾಡುವುದಕ್ಕೆ ಕಾಯಿದೆಯ 52ನೆಯ ಪ್ರಕರಣ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ಪ್ರಯೋಗಕ್ಕೆ ಮಾತ್ರ, ಗೀತೆಯನ್ನು ಪುಸ್ತಕವಾಗಿ ಮರುಮುದ್ರಿಸುವುದಕ್ಕಾಗಲಿ ಚಿತ್ರವನ್ನು ತಾಣಕ್ಕೆ ಏರಿಸುವುದಕ್ಕಾಗಲಿ ಅಲ್ಲ. ಮೊಸ್ಕೇನಿ 1905ರಲ್ಲಿ ತೀರಿಕೊಂಡದ್ದರಿಂದ ಮಂಗಳೂರಿನ ಚಿತ್ರಗಳು ಹಕ್ಕುಮುಕ್ತ, ಆದರೆ ಇತ್ತೀಚೆಗೆ ತೆಗೆದ ಅವುಗಳ ಛಾಯಾಚಿತ್ರಗಳಿಗೆ ಛಾಯಾಗ್ರಾಹಕನ ಹಕ್ಕು ಬೇರೆಯಾಗಿ ಇರಬಹುದು. ಬೈಬಲಿನ 1831ರ ಅನುವಾದ ಎಲ್ಲರದು. ಭಾರತೀಯ ಬೈಬಲ್ ಸೊಸೈಟಿಯ ಈಗಿನ ಅನುವಾದಗಳ ಹಕ್ಕು ಆ ಸಂಸ್ಥೆಯದು.

ಬೈಬಲ್ ವಚನ, ವಾಚನಪಟ್ಟಿ, ಚಿತ್ರ, ಗೀತೆ ನಾಲ್ಕನ್ನೂ ಕನ್ನಡದಲ್ಲೇ ಜೋಡಿಸುವ ವ್ಯಾಪಕ ದತ್ತಸಂಚಯ ಬಳಕೆಗೆ ಬಂದಿಲ್ಲ. ಸಭಾಪಾಲಕರೂ ಗುರುಗಳೂ ಇಂಗ್ಲಿಷ್ ತಾಣಗಳಿಂದ ಚಿತ್ರವನ್ನೂ ಕನ್ನಡ ಆ್ಯಪ್‌ಗಳಿಂದ ವಚನವನ್ನೂ ಬೇರೆಬೇರೆಯಾಗಿ ತೆಗೆದು ಹೊಂದಿಸಿಕೊಳ್ಳುತ್ತಾರೆ. ದೇಶೀಯ ಶೈಲಿಯ ಚಿತ್ರಗಳ ಬಳಕೆಗೆ ಹಕ್ಕಿನ ಅವಧಿಯೂ ಅಡ್ಡಿಯಾಗಿದೆ. ಫ್ರ್ಯಾಂಕ್ ವೆಸ್ಲಿಯವರ ಕೃತಿಗಳ ರಕ್ಷಣೆ ಭಾರತದಲ್ಲಿ 2062ರ ಕೊನೆಯವರೆಗೆ ಇದೆ. ಆಂಜೆಲೊ ದ ಫೊನ್ಸೇಕಾ ಅವರ ಜೀವಿತಕಾಲದಲ್ಲಿ ಪ್ರಕಟವಾದ ಚಿತ್ರಗಳು 2028ರ ಜನವರಿ 1ರಂದು ಹಕ್ಕುಮುಕ್ತವಾಗುತ್ತವೆ.